ಹಿಂದಿನ ಮೂರು ಗಂಟೆ

ನಮ್ಮ ಭಾವ ಜನ್ಮದಲ್ಲಿ ಒಂದು ಸುಳ್ಳು ಹೇಳಿದವರಲ್ಲ ಎಂದು ಕಂಡವರೆಲ್ಲ ಹೊಗಳುತ್ತಾರೆ. ಹೊಗಳುವವರಿಗೇನು ಕಷ್ಟ? ಅವರ ಜೊತೆ ಬಾಳಬೇಕಾದವಳು ನನ್ನ ಅಕ್ಕ. ಅದೇ ಕಟ್ಟಡದ ಮೇಲಿನ ಮನೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ಇಬ್ಬರ ಜಗಳ ಬಿಡಿಸಬೇಕಾದವಳು ನಾನು. ಅಕ್ಕ ಹೊಸ ಬಟ್ಟೆ ತೊಟ್ಟು "ಹೇಗಿದೆ?" ಎಂದು ಕೇಳಿದರೆ "ಬೆನ್ನ ಹತ್ರ ಬಿಗಿಯಾಯ್ತು" ಎನ್ನುತ್ತಾರೆ. ಹೊಲಿದವಳು ನಾನು. ಒಂದೇ ಮಾತಿನಲ್ಲಿ ಅಕ್ಕ ತಂಗಿ ಇಬ್ಬರಿಗೂ ಮಂಗಳಾರತಿ.

ಅವರು ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದರು. ಲಾರಿ ಖಾಲಿ ಬಂದಾಗ ಒಂದು ತೂಕ, ಸರಕು ತುಂಬಿ ಹೊರಡುವಾಗ ಇನ್ನೊಂದು. ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯದೆ ಭಾವ ಮೊಹರು ಒತ್ತಿದವರಲ್ಲ. "ಸಾರ್, ಒಂದಿಪ್ಪತ್ತು ಕೆಜಿ ನೋಡಿ" ಎಂದು ಚಾಲಕರು ಹಲ್ಲು ಗಿಂಜಿದರೆ "ನೋಡ್ದೆ, ಬರೆದೆ" ಎನ್ನುತ್ತಿದ್ದರಂತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತಾರಲ್ಲ, ಭಾವನ ಎದೆಗೆ ಯಾರೂ ಒದೆಯಲಿಲ್ಲ. ಎರಡು ಸಲ ಸೈಕಲ್ಲಿನ ಗಾಳಿ ಮಾತ್ರ ಬಿಟ್ಟಿದ್ದರು.

ನಿವೃತ್ತಿಯಾದ ಮೇಲೆ ಮುಚ್ಚಿಹೋಗುತ್ತಿದ್ದ ಯಾವುದೋ ಅಂಗಡಿಯಿಂದ ಹಳೆಯ ಕಂಪ್ಯೂಟರ್ ತಂದು ಹಿಂದಿನ ಕೋಣೆಯಲ್ಲಿ ಇಟ್ಟರು. ಅದರ ಡಬ್ಬಿ ಬಿಚ್ಚಿ ಒಳಗೆ ಟಿವಿ ಟ್ಯೂನರ್ ಕಾರ್ಡ್ ಕೂರಿಸಿದರು. ಅಂಗೈ ಅಗಲದ ಹಸಿರು ಹಲಗೆ ಅದು. ಅದರ ಹಿಂಬದಿಗೆ ಕೇಬಲ್ಲಿನ ವೈರು ತಿರುಪಿದರೆ ಕಂಪ್ಯೂಟರಿನಲ್ಲೇ ಟಿವಿ ಬರುತ್ತದೆ, ಬೇಕಾದದ್ದು ರೆಕಾರ್ಡೂ ಆಗುತ್ತದೆ. "ಮುಂದಿನ ಕೋಣೇಲಿ ಅಷ್ಟು ದೊಡ್ಡ ಟಿವಿ ಇದೆಯಲ್ರೀ" ಎಂದು ಅಕ್ಕ ಕೇಳಿದ್ದಕ್ಕೆ "ಅದು ತೋರಿಸುತ್ತೆ, ಇಟ್ಕೊಳ್ಳಲ್ಲ" ಎಂದರು.

ರೆಕಾರ್ಡ್ ಗುಂಡಿ ಒತ್ತದಿದ್ದರೂ ಆ ಯಂತ್ರ, ನೋಡುತ್ತಿರುವ ಚಾನೆಲ್ಲಿನ ಹಿಂದಿನ ಮೂರು ಗಂಟೆಯಷ್ಟನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡಿರುತ್ತಿತ್ತು. ಗಂಟೆಗೆ ಎರಡು ಸಲ ಬಚ್ಚಲಿಗೆ ಹೋಗುವ ಭಾವನಿಗೆ ಅದೊಂದು ವರ. ಚಿತ್ರ ನಿಲ್ಲಿಸಿ ಹೋಗುವುದು, ಬಂದು ಬಿಟ್ಟಲ್ಲಿಂದ ನೋಡುವುದು. ಯಾರಾದರೂ ಚಾನೆಲ್ ಬದಲಿಸಿದರೆ ಮಾತ್ರ ಹಿಡಿದಿಟ್ಟದ್ದೆಲ್ಲ ಅಳಿಸಿಹೋಗುತ್ತಿತ್ತು. ಹಾಗಾಗಿ ನಾವು ಯಾರೂ ಅದನ್ನು ಮುಟ್ಟಕೂಡದೆಂದು ಕಟ್ಟಪ್ಪಣೆಯಾಗಿತ್ತು. ನನಗೇನು ಮುಟ್ಟುವ ಚಪಲ ಇರಲಿಲ್ಲ ಬಿಡಿ.

ಅಕ್ಕನಿಗೂ ನನಗೂ ಒಬ್ಬನೇ ತಮ್ಮ. ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ನನಗೆ ಹತ್ತೊಂಬತ್ತು. ಅಕ್ಕ ಆಗಲೇ ಮದುವೆಯಾಗಿ ಹೋಗಿದ್ದಳು. ಅವನ ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ಪರೀಕ್ಷೆಯಲ್ಲಿ ಫೇಲಾದರೆ ಬೆನ್ನಿಗೆ ಎರಡು ಬಿಟ್ಟು ಆಮೇಲೆ ತಾನೂ ಅತ್ತವಳು, ಎಲ್ಲ ನಾನೇ. ಬಾಯಿ ತುಂಬ ಚಿಕ್ಕಕ್ಕ ಎನ್ನುತ್ತಾನೆ, ಆದರೆ ತಾಯಿ ಅಂದುಕೊಂಡೇ ಬೆಳೆದ. ಅವನಿಗೊಂದು ದಾರಿ ತೋರಿಸಿದವರು ಭಾವ. ವೇಬ್ರಿಡ್ಜಿಗೆ ಬರುವ ಚಾಲಕರ ಪಕ್ಕ ಕೂರಿಸಿ ಗಾಡಿ ಕಲಿಸಿದರು, ಲೈಸೆನ್ಸ್ ಮಾಡಿಸಿದರು, ಬೇಕರಿಯ ವ್ಯಾನಿಗೆ ಚಾಲಕನಾಗಿ ಸೇರಿಸಿದರು. ಹತ್ತು ವರ್ಷದಿಂದ ಅವನು ಅಂಗಡಿ ಅಂಗಡಿಗೆ ಬ್ರೆಡ್ ಹಾಕುತ್ತಿದ್ದ.

ಆ ದಿನ ಭಾನುವಾರ. ನಮ್ಮ ಕಡೆ ಸೈಕಲ್ ರೇಸ್ ಇತ್ತು. ಕೇಬಲ್‌ನವನು ತನ್ನ ಚಾನೆಲ್ಲಿನಲ್ಲಿ ನೇರ ಪ್ರಸಾರ ಮಾಡುತ್ತಿದ್ದ. ಅವನ ಹತ್ತಿರ ಇದ್ದದ್ದು ಎರಡೇ ಕ್ಯಾಮೆರಾ. ಒಂದು ರೇಸ್ ಮುಗಿಯುವ ಜಾಗದಲ್ಲಿ, ಇನ್ನೊಂದು ಸರ್ಕಲ್ಲಿನ ಒಂದು ಮಹಡಿಯ ಮೇಲೆ. ಸೈಕಲ್ಲುಗಳು ಸುತ್ತು ಹೊಡೆದು ಬರುವವರೆಗೆ ಸರ್ಕಲ್ಲಿನಲ್ಲಿ ಗಾಡಿಗಳನ್ನು ತಡೆಯಲು ಅಡ್ಡ ಕಟ್ಟಿದ್ದ ಹಗ್ಗವನ್ನೇ ತೋರಿಸುತ್ತಿದ್ದ. ಭಾವ ಹತ್ತು ಗಂಟೆಗೆ ಆಫೀಸಿನಲ್ಲಿ ಕೂತ ಹಾಗೆ ನೆಟ್ಟಗೆ ಕೂತು ಆ ಹಗ್ಗವನ್ನೂ ಬಿಡದೆ ನೋಡಿದರು. ಹನ್ನೆರಡಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಚಿತ್ರ ನಿಲ್ಲಿಸಿ, ಮೊಬೈಲನ್ನು ಎಂದಿನಂತೆ ಮನೆಯಲ್ಲೇ ಬಿಟ್ಟು, ಕೂದಲು ಕತ್ತರಿಸಿಕೊಳ್ಳಲು ಹೋದರು.

ಹನ್ನೆರಡೂವರೆಗೆ ತಮ್ಮನ ಫೋನು ಬಂತು.

"ಚಿಕ್ಕಕ್ಕ, ಗಾಬರಿ ಆಗ್ಬೇಡ. ನನ್ನನ್ನ ಪೊಲೀಸ್ ಸ್ಟೇಷನ್‌ಗೆ ಕರ್ಕೊಂಡು ಬಂದಿದ್ದಾರೆ."

ಗಾಬರಿ ಆಗಬೇಡ ಎಂದರೆ ಆಗದೆ ಇರುತ್ತದೆಯೇ? ಟ್ಯಾಂಕ್ ರಸ್ತೆಯಲ್ಲಿ ಹತ್ತೂಮುಕ್ಕಾಲರ ಹೊತ್ತಿಗೆ ಯಾವುದೋ ಬ್ರೆಡ್ ವ್ಯಾನು ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬರಿಗೆ ಗುದ್ದಿ ನಿಲ್ಲಿಸದೆ ಹೋಗಿತ್ತು. ರೇಸಿನವರಲ್ಲ, ಮನೆಗೆ ಹೋಗುತ್ತಿದ್ದ ಯಾರೋ ಕೆಲಸದವರು. ಬೇಕರಿಯ ಐದು ವ್ಯಾನುಗಳಲ್ಲಿ ಆ ಕಡೆ ಇದ್ದದ್ದು ಇವನದೊಂದೇ.

"ನಾನು ಆಗ ಸರ್ಕಲ್ಲಿನಲ್ಲಿ ನಿಂತಿದ್ದೆ. ಹತ್ತೂವರೆಯಿಂದ ಹನ್ನೊಂದರ ತನಕ ಹಗ್ಗ ಬಿಚ್ಚಲಿಲ್ಲ. ಇವರು ನಂಬ್ತಾ ಇಲ್ಲ. ಅಲ್ಲಿ ಕ್ಯಾಮೆರಾ ಇತ್ತಲ್ಲ? ಭಾವ ನೋಡ್ತಿದ್ರು ತಾನೆ? ನಾನು ನಿಂತಿರೋದು ಕಾಣೋ ಹಾಗೆ ಒಂದು ತುಂಡು ಕೊಟ್ರೆ ಸಾಕು. ಐದು ನಿಮಿಷದ್ದು ಸಾಕು."

ನಾನು ದಡದಡ ಮೆಟ್ಟಿಲಿಳಿದೆ. ಅಕ್ಕನಿಗೆ ವಿಷಯ ಹೇಳುತ್ತಲೇ ಹಿಂದಿನ ಕೋಣೆಗೆ ನುಗ್ಗಿದೆ. ಪರದೆಯ ಮೇಲೆ ಒಬ್ಬ ಸೈಕಲ್ ಸವಾರ ಒಂದು ಕಾಲು ಮೇಲೆತ್ತಿ ನಿಂತುಬಿಟ್ಟಿದ್ದ. ಮೂಲೆಯಲ್ಲಿ ಚಾನೆಲ್ಲಿನ ಗಡಿಯಾರ ಹನ್ನೊಂದು ಐವತ್ತು ಎನ್ನುತ್ತಿತ್ತು. ಅದೂ ನಿಂತಿತ್ತು. ಹೋದ ಜೀವ ಬಂದಂತಾಯಿತು. ಕೇಬಲ್‌ನವನಿಗೂ ಒಂದು ಫೋನು ಮಾಡಿದೆ. "ನೇರ ಪ್ರಸಾರ ಅಮ್ಮ, ಹೋಗಿದ್ದು ಹೋಯ್ತು, ನಾವೇನೂ ಇಟ್ಕೊಳ್ಳಲ್ಲ" ಎಂದ. ಇಟ್ಟುಕೊಂಡವರು ನಮ್ಮ ಭಾವ ಒಬ್ಬರೇ.

"ನಿಂತಿದೆ ಕಣೋ, ಎಲ್ಲಿಗೂ ಹೋಗಲ್ಲ" ಎಂದು ತಮ್ಮನಿಗೆ ಹೇಳಿದೆ. "ಭಾವ ಬಂದ ತಕ್ಷಣ ತರ್ತೀವಿ."

ಭಾನುವಾರ ಕ್ಷೌರದಂಗಡಿಯಲ್ಲಿ ಸಾಲು ಇರುತ್ತದೆ. ಇರಲಿ ಎಂದುಕೊಂಡೆ. ಮೇಲೆ ಹೋಗಿ ಬಾಗಿಲಲ್ಲಿ ನಿಂತಿದ್ದ ಗಿರಾಕಿಗೆ ಎರಡು ಶರ್ಟು ಕೊಟ್ಟು ಕಳಿಸಿದೆ. ಇಸ್ತ್ರಿ ಆರಿಸಿದೆ. ಠಾಣೆಗೆ ಹೋಗಲು ಬಟ್ಟೆಯನ್ನೂ ಬದಲಿಸಿದೆ. ಒಂದು ಗಂಟೆ ದಾಟಿ ಐದು ನಿಮಿಷವಾದಾಗ ಮತ್ತೆ ತಮ್ಮನ ಫೋನು. "ಇನ್ನೂ ಬಂದಿಲ್ವಾ? ಸಾಹೇಬ್ರು ಬರೋದ್ರೊಳಗೆ ತಂದ್ಬಿಡು ಚಿಕ್ಕಕ್ಕ." ಅವನ ದನಿ ಕೇಳಿ ನಾನೇ ಅಂಗಡಿಗೆ ಓಡಿದೆ.

ಭಾವನ ತಲೆಯ ಬಲಗಡೆ ಮುಗಿದಿತ್ತು, ಎಡಗಡೆ ಬಾಕಿ ಇತ್ತು. ನಾನು ಎಲ್ಲ ಹೇಳಿ, "ನೀವೇನೂ ಅವಸರ ಮಾಡ್ಬೇಡಿ, ಅದು ಹನ್ನೊಂದು ಐವತ್ತರಲ್ಲೇ ನಿಂತಿದೆ" ಎಂದೆ.

ಅವರು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದರು. "ಚಿತ್ರ ನಿಂತಿರುತ್ತಮ್ಮ. ಯಂತ್ರ ನಿಲ್ಲಲ್ಲ. ಹೊಸ ನಿಮಿಷ ಒಳಗೆ ಬಂದ ಹಾಗೆ ಹಳೇ ನಿಮಿಷ ಅಳಿಸ್ತಾ ಹೋಗುತ್ತೆ. ಈಗ ಗಂಟೆ ಎಷ್ಟು?"

"ಒಂದೂ ಹತ್ತು."

"ಹಾಗಾದ್ರೆ ಹತ್ತೂ ಹತ್ತರ ತನಕದ್ದು ಆಗ್ಲೇ ಹೋಯ್ತು" ಎಂದವರೇ ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಎದ್ದು ಓಡಿದರು. ಅರವತ್ತೈದು ದಾಟಿದ ಮನುಷ್ಯ, ಅರ್ಧ ತಲೆ, ಹಿಂದೆ ಹಾರುವ ಬಿಳಿ ಬಟ್ಟೆ. ಬೇರೆ ದಿನವಾಗಿದ್ದರೆ ಬೀದಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆವತ್ತು ನನ್ನನ್ನೇ ನಾನು ಬೈದುಕೊಳ್ಳುತ್ತಾ ಅವರ ಹಿಂದೆ ಓಡಿದೆ. ಶರ್ಟು ಕೊಟ್ಟೆನಂತೆ, ಇಸ್ತ್ರಿ ಆರಿಸಿದೆನಂತೆ!

ಕೋಣೆಗೆ ಬಂದು ಭಾವ ಏದುಸಿರು ಬಿಡುತ್ತಾ ಮೌಸ್ ಹಿಡಿದರು. ಬೇಕಾದ ಭಾಗವನ್ನು ಬೇರೆ ಕಡೆ ನಕಲು ಮಾಡಿದರೆ ಅದು ಉಳಿಯುತ್ತದೆ. ಆದರೆ ನಕಲಿಗೆ ಜಾಗವೇ ಇರಲಿಲ್ಲ, ಡಿಸ್ಕ್ ತುಂಬಿತ್ತು. ಯಾವುದನ್ನೂ ಅಳಿಸದ ಮನುಷ್ಯನ ಡಿಸ್ಕ್ ಇನ್ನೇನಾಗಿರುತ್ತದೆ? ಹನ್ನೆರಡು ವಾರ ಕಾದು ಹಿಡಿದಿದ್ದ ಸೇತುವೆಗಳ ಕಾರ್ಯಕ್ರಮವೊಂದಿತ್ತು. ಜಗತ್ತಿನ ದೊಡ್ಡ ದೊಡ್ಡ ಸೇತುವೆ ಹೇಗೆ ಕಟ್ಟಿದರು ಎಂಬುದು. ಬಂದ ನೆಂಟರಿಗೆಲ್ಲ ಕೂರಿಸಿ ತೋರಿಸುತ್ತಿದ್ದರು. ಹನ್ನೆರಡನ್ನೂ ಒಟ್ಟಿಗೆ ಹಿಡಿದು ಅಳಿಸಿಬಿಟ್ಟರು, ರೆಪ್ಪೆ ಕೂಡ ಮಿಟುಕಿಸಲಿಲ್ಲ.

"ಈಗ ಹುಡುಕೋಣ" ಎಂದು ಹಿಂದಕ್ಕೆ ಓಡಿಸಿದರು.

ಹತ್ತು ಮೂವತ್ತೊಂದಕ್ಕೆ ಪರದೆಯ ಎಡ ಅಂಚಿನಿಂದ ಬ್ರೆಡ್ ವ್ಯಾನು ಬಂದು ಹಗ್ಗದ ಮುಂದೆ ನಿಂತಿತು. ಹಿಂಬಾಗಿಲಿಗೆ ನೀಲಿ ಹಗ್ಗ ಸುತ್ತಿತ್ತು. ಚಿಲಕ ಮುರಿದಿದೆ ಎಂದು ತಮ್ಮನೇ ಕಟ್ಟಿದ್ದು. ಅಕ್ಕ "ಅಯ್ಯೋ ದೇವರೇ, ಬದುಕಿಸಿದೆ" ಎಂದು ನನ್ನ ಭುಜ ಹಿಡಿದುಕೊಂಡಳು. ನನಗೆ ಕಣ್ಣು ಮಂಜಾಯಿತು. "ಸಾಕು ಭಾವ, ಇಷ್ಟೇ ಬೇಕಾಗಿರೋದು" ಎಂದೆ.

ಭಾವ ಕೈ ತೆಗೆಯಲಿಲ್ಲ. ಚಿತ್ರ ಓಡುತ್ತಲೇ ಇತ್ತು. ಹತ್ತು ಮೂವತ್ತಾರಕ್ಕೆ ವ್ಯಾನು ಹಿಂದಕ್ಕೆ ಸರಿಯಿತು, ತಿರುಗಿತು, ಬಲಗಡೆಯ ಸಂದಿಯೊಳಗೆ ಹೋಯಿತು. ಆ ಸಂದಿ ಸೇರುವುದು ಟ್ಯಾಂಕ್ ರಸ್ತೆಗೆ.

ಖಾಲಿ ಹಗ್ಗ ಕಂಡಿತು, ಸೈಕಲ್ಲುಗಳು ಹೋದವು, ಮತ್ತೆ ಖಾಲಿ ಹಗ್ಗ. ಭಾವ ಬೇಗ ಬೇಗ ಓಡಿಸಿದರು. ಹತ್ತು ಐವತ್ತೆರಡಕ್ಕೆ ವ್ಯಾನು ಅದೇ ಸಂದಿಯಿಂದ ಹೊರಬಂದು ಅದೇ ಜಾಗದಲ್ಲಿ ನಿಂತಿತು. ಚಾಲಕ ಇಳಿದ. ಎರಡೂ ಕಡೆ ನೋಡಿದ. ವ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗಿಯ ಅಂಚು ಹಿಡಿದು ಬಂಪರನ್ನು ಒರೆಸಿದ. ಚಿತ್ರದಲ್ಲಿ ಮುಖ ಹೆಬ್ಬೆರಳಿನ ಉಗುರಿನಷ್ಟೂ ಇರಲಿಲ್ಲ. ನನಗೆ ಮುಖ ಬೇಕಿರಲಿಲ್ಲ. ಚಿಕ್ಕವನಿದ್ದಾಗ ನೆಲದ ಮೇಲೆ ಏನಾದರೂ ಚೆಲ್ಲಿದರೆ ನಾನು ಬರುವುದರೊಳಗೆ ಹೀಗೇ ಅಂಗಿಯ ಅಂಚಿನಿಂದ ಒರೆಸುತ್ತಿದ್ದ.

ಗೋಡೆಯ ಗಡಿಯಾರದಲ್ಲಿ ಒಂದೂ ಇಪ್ಪತ್ತೆರಡು. ಇನ್ನು ಒಂಬತ್ತು ನಿಮಿಷಕ್ಕೆ ಹತ್ತು ಮೂವತ್ತೊಂದು ಅಳಿಸಿಹೋಗುತ್ತದೆ. ಅವನ ಪರವಾಗಿ ಇರುವುದೇ ಮೊದಲು ಹೋಗುವುದು.

ಬಾಯಿ ಬಿಟ್ಟವಳು ಅಕ್ಕ. "ಮೊದಲಿನ ಐದು ನಿಮಿಷ ಮಾತ್ರ ತೆಗೀರಿ. ಅದೇನು ಸುಳ್ಳಲ್ಲವಲ್ಲ. ಅವನು ಅಲ್ಲಿ ನಿಂತಿದ್ದ ತಾನೆ? ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಆಗಲ್ಲ" ಎಂದರು ಭಾವ.

"ಯಾಕಾಗಲ್ಲ?"

"ಗಾಡಿ ಒಳಗೆ ಬಂದಿದ್ದು ಬರೆದು ಹೊರಗೆ ಹೋಗಿದ್ದು ಬಿಟ್ರೆ ಅದು ತೂಕ ಅಲ್ಲ. ಉಳಿಸಿದ್ರೆ ಹತ್ತೂವರೆಯಿಂದ ಹನ್ನೊಂದರ ತನಕ ಪೂರ್ತಿ ಉಳಿಸ್ತೀನಿ. ಇಲ್ಲಾಂದ್ರೆ ಮುಟ್ಟಲ್ಲ, ತಾನಾಗೇ ಹೋಗ್ಲಿ. ಅರ್ಧ ಮಾತ್ರ ನನ್ನ ಕೈಯಲ್ಲಿ ಆಗಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮ ತೂಕ ನೀವೇ ತಲೆ ಮೇಲೆ ಹೊತ್ಕೊಳ್ಳಿ! ಅವನು ನಿಮ್ಮ ಲಾರಿ ಅಲ್ಲ, ನನ್ನ ತಮ್ಮ. ನಿಮ್ಮ ಹೊಟ್ಟೇಲಿ ಹುಟ್ಟಿದ್ರೆ ಹೀಗೆ ಕೂತಿರ್ತಿದ್ರಾ?"

ಅಕ್ಕ ಭಾವನಿಗೆ ಮಕ್ಕಳಿಲ್ಲ. ಆ ಮಾತು ಆಡಬಾರದಿತ್ತು. ಆಡಿದ ಮೇಲೆ ಏನು ಮಾಡುವುದು? ಅಕ್ಕ ಗೋಡೆ ಕಡೆ ತಿರುಗಿದಳು. ಭಾವ ಮೌಸ್ ಮೇಲಿಂದ ಕೈ ತೆಗೆದರು.

"ಸ್ಟೇರಿಂಗ್ ಅವನ ಕೈಗೆ ಕೊಟ್ಟಿದ್ದು ನಾನಮ್ಮ" ಎಂದರು ಕೊನೆಗೆ. "ಗುದ್ದಿಸ್ಕೊಂಡವರು ರಸ್ತೇಲಿ ಬಿದ್ದಿದ್ರು. ನನಗೆ ಅದೇ ಕಣ್ಣ ಮುಂದೆ ಬರ್ತಿದೆ. ಆದ್ರೂ ಅವನು ನಿನ್ನ ಕೈಯಲ್ಲಿ ಬೆಳೆದವನು. ಪೂರ್ತಿ ಬೇಕೋ, ಏನೂ ಬೇಡ್ವೋ, ನೀನು ಹೇಳು. ನೀನು ಬೇಡ ಅಂದ್ರೆ ನಾನಾಗಿ ಹೋಗಿ ಏನೂ ಹೇಳಲ್ಲ. ಯಾರಾದ್ರೂ ಬಂದು ಕೇಳಿದ್ರೆ ಮಾತ್ರ ಸುಳ್ಳು ಹೇಳೋಕೆ ನನಗೆ ಬರಲ್ಲ."

ಕೇಳುವವರಾದರೂ ಯಾರು? ನಾವು ಮೂವರಲ್ಲದೆ ಇದನ್ನು ನೋಡಿದವರೇ ಇಲ್ಲ. ನಾನು ಸುಮ್ಮನೆ ಕೈಕಟ್ಟಿ ನಿಂತರೂ ಸಾಕಿತ್ತು. ಉಳಿದ ಕೆಲಸ ಯಂತ್ರವೇ ಮಾಡುತ್ತಿತ್ತು. ಆಗ ಎರಡೂ ಕಡೆ ಸಾಕ್ಷಿ ಇಲ್ಲ. ಪೊಲೀಸರು ಬಿಟ್ಟರೂ ಬಿಟ್ಟಾರು. ನಾನು ಸತ್ಯವಂತೆ ಎಂದು ಬರೆದುಕೊಳ್ಳಲು ಕೂತವಳಲ್ಲ. ಅದನ್ನೇ ಮಾಡೋಣ ಎಂದು ಮನಸ್ಸು ಎಳೆಯುತ್ತಿತ್ತು. ಒಂದು ಸಲ ಅವನ ದನಿ ಕೇಳಬೇಕೆನಿಸಿ ಫೋನು ಮಾಡಿದೆ. ಅವನನ್ನು ಇನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು, ಫೋನು ಕಿತ್ತುಕೊಂಡಿರಲಿಲ್ಲ.

"ಚಿಕ್ಕಕ್ಕ, ಸಿಕ್ತಾ?"

"ಸಿಕ್ತು."

"ನಾನು ನಿಂತಿರೋದು ಕಾಣುತ್ತಾ?"

"ಕಾಣುತ್ತೆ. ನೀನು ಹೋಗೋದೂ ಕಾಣುತ್ತೆ. ವಾಪಸ್ ಬಂದು ಒರೆಸೋದೂ ಕಾಣುತ್ತೆ ಕಣೋ."

ಆ ಕಡೆ ಯಾರೋ ಕೆಮ್ಮಿದ್ದು, ಕುರ್ಚಿ ಎಳೆದದ್ದು ಕೇಳಿಸಿತು. ಅವನ ಉಸಿರೂ ಕೇಳಿಸುತ್ತಿತ್ತು. ನಾನು ಕಾದೆ. ಗೋಡೆಯ ಮೇಲೆ ಒಂದೂ ಇಪ್ಪತ್ತೆಂಟು.

"ಎದ್ದು ಕೂತ್ರು ಅಂದ್ಕೊಂಡೆ ಚಿಕ್ಕಕ್ಕ" ಎಂದ, ತೀರಾ ಸಣ್ಣ ದನಿಯಲ್ಲಿ. "ಗಾಡಿ ಕನ್ನಡೀಲಿ ನೋಡ್ದೆ. ಎದ್ದು ಕೂತ ಹಾಗಿತ್ತು. ಸರಿಯಾಗಿ ಕಾಣಲಿಲ್ಲ. ಹೋಗ್ತಾ ಇದ್ದೀನಿ, ಮತ್ತೆ ನೋಡ್ತೀನಿ, ತಿರುವು ಬಂದುಬಿಡ್ತು. ಇಲ್ಲಿ ಯಾರನ್ನ ಕೇಳಿದ್ರೂ ಹೇಳ್ತಿಲ್ಲ. ಬದುಕಿದ್ದಾರಾ ಚಿಕ್ಕಕ್ಕ? ನೀನಾದ್ರೂ ಯಾರನ್ನಾದ್ರೂ ಕೇಳು."

ನಿಜ ಹೇಳುತ್ತೇನೆ, ಆ ಸೈಕಲ್ಲಿನವರ ಮೇಲಿನ ಕನಿಕರದಿಂದ ನಾನು ಏನನ್ನೂ ಮಾಡಲಿಲ್ಲ. ಅವರ ಮುಖವನ್ನೂ ನಾನು ನೋಡಿರಲಿಲ್ಲ. ನನಗೆ ಹೆದರಿಕೆಯಾದದ್ದು ಆ ಕನ್ನಡಿಯ ಮಾತಿಗೆ. ಈ ಮೂರು ಗಂಟೆ ಅಳಿಸಿಹೋದರೆ ತಮ್ಮ ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ನಾಳೆ ಮತ್ತೆ ವ್ಯಾನು ಹತ್ತುತ್ತಾನೆ. ಬದುಕಿರುವಷ್ಟು ದಿನವೂ ಆ ಕನ್ನಡಿ ನೋಡುತ್ತಲೇ ಗಾಡಿ ಓಡಿಸುತ್ತಾನೆ. ಹಾಗೆ ಬದುಕುವವನಿಗೆ ನಾನು ಎಷ್ಟು ದಿನ ತಲೆ ಸವರಲಿ?

ಫೋನನ್ನು ಕಿವಿಯಿಂದ ತೆಗೆಯದೆಯೇ ಹೇಳಿದೆ. "ಪೂರ್ತಿ ಉಳಿಸಿ ಭಾವ."

ಅಕ್ಕ ಮುಖ ಮುಚ್ಚಿಕೊಂಡಳು. ಭಾವ ಒತ್ತಿದರು. ಒಂದೂ ಮೂವತ್ತಕ್ಕೆ ನಕಲು ಶುರುವಾಯಿತು. ಪರದೆಯ ಮೇಲೆ ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳಿತು. ಅರ್ಧಕ್ಕೆ ಬಂದು ನಿಂತೇಬಿಟ್ಟಿತು. ಹಾಗೇ ನಿಂತಿರಲಿ ಎಂದು ನನ್ನೊಳಗಿನ ಯಾರೋ ಬೇಡಿಕೊಂಡರು. ಅದು ಮತ್ತೆ ಹೊರಟಿತು. ತುಂಬಿದ ಮೇಲೆ ಭಾವ ಅದನ್ನು ಸಿಡಿಗೆ ಹಾಕಿ, ಸಿಡಿಯ ಮೇಲೆ ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು ಬರೆದರು. ಅಕ್ಕ ಹೋಗಿ ಅವರ ಕೊರಳಿನ ಬಟ್ಟೆ ಬಿಚ್ಚಿದಳು.

ಠಾಣೆಯವರೆಗೆ ನಡೆದೇ ಹೋದೆವು. ದಾರಿಯುದ್ದಕ್ಕೂ ನಾನು ಭಾವನ ಜೊತೆ ಮಾತಾಡಲಿಲ್ಲ. ಅವರ ಅರ್ಧ ತಲೆ ನೋಡಿ ಜನ ತಿರುತಿರುಗಿ ನೋಡುತ್ತಿದ್ದರು. ಅದು ಅವರ ಗಮನಕ್ಕೇ ಬಂದಿರಲಿಲ್ಲ.

ಒಳಗಿನ ಸಾಹೇಬರು ಆಗ ತಾನೇ ಬಂದಿದ್ದರು. ತಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ನನ್ನ ಕೈಯಲ್ಲಿದ್ದ ಸಿಡಿ ನೋಡಿ ಎದ್ದು ನಿಂತ. ಅಂಗಿಯ ಅಂಚಿನಲ್ಲಿ ಕಂದು ಕಲೆಯಿತ್ತು.

"ತಂದ್ಯಾ ಚಿಕ್ಕಕ್ಕ?"

"ತಂದಿದ್ದೀನಿ. ಪೂರ್ತಿ ಇದೆ" ಎಂದೆ. "ನಾನಿದನ್ನ ಅವರ ಕೈಗೆ ಕೊಡೋಕೆ ಮುಂಚೆ ನೀನೇ ಹೋಗಿ ಹೇಳ್ತೀಯೇನೋ? ನಾನು ಇಲ್ಲೇ ನಿಂತಿರ್ತೀನಿ."

ಅವನು ಭಾವನ ಕಡೆ ನೋಡಿದ. ಬೈಯುತ್ತಾನೆ ಎಂದುಕೊಂಡೆ. "ನಾನೂ ಒಳಗೆ ಬರ್ತೀನಿ" ಎಂದರು ಭಾವ. "ಬೇಡ ಭಾವ" ಎಂದು ತಮ್ಮ ಒಬ್ಬನೇ ಒಳಗೆ ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಸಾರ್, ಗುದ್ದಿದ್ದು ನಾನೇ" ಎಂದದ್ದು ಕೇಳಿಸಿತು. ಸಾಹೇಬರು ಏನೋ ಕೇಳುವುದರೊಳಗೆ, "ಮೊದಲು ಅದೊಂದು ಹೇಳಿ ಸಾರ್. ಅವರು ಬದುಕಿದ್ದಾರಾ?"

ಕಾಗದ ತಿರುವುವ ಸದ್ದು ಕೇಳಿಸಿತು. ಆಮೇಲೆ ಸಾಹೇಬರ ದನಿ ಬಂತು. "ಬದುಕಿದ್ದಾರೆ. ಕಾಲು ಎರಡು ಕಡೆ ಮುರಿದಿದೆ. ಅರ್ಧ ಗಂಟೆ ರಸ್ತೇಲೇ ಬಿದ್ದಿದ್ರು."

ನನ್ನ ತಮ್ಮ ಗಟ್ಟಿಯಾಗಿ ಅತ್ತ, ಮೂವತ್ತನಾಲ್ಕು ವರ್ಷದವನು, ಠಾಣೆಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ. ಭಾವ ನನ್ನ ಪಕ್ಕಕ್ಕೆ ಬಂದು ಕೈ ಹಿಡಿದುಕೊಳ್ಳಲು ನೋಡಿದರು. ನಾನು ಕೈ ಕೊಡಲಿಲ್ಲ. ಅವರು ಮಾಡಿದ್ದೇ ಸರಿ ಎಂದು ನನಗೆ ಗೊತ್ತಿತ್ತು, ಸಿಟ್ಟು ಬಂದದ್ದೂ ಅದಕ್ಕೇ.